ಗಾಡಿಯೇ ಮನೆಯಾದವರಿಗೆ ರಾತ್ರಿಯ ನೆಲೆ

ಐಶ್ವರ್ಯದಲ್ಲಿ ಜಗತ್ತಿಗೇ ಮೊದಲನೆಯದೆನಿಸಿದ ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2024ರ ಜನವರಿ ತಿಂಗಳಲ್ಲಿ ನಡೆದ ಒಂದು ರಾತ್ರಿಯ ಗಣತಿಯಂತೆ ಮನೆಯಿಲ್ಲದವರ ಸಂಖ್ಯೆ 7,71,480. ಇವರಲ್ಲಿ 2,74,000ಕ್ಕೂ ಮಿಕ್ಕವರು ಯಾವ ಆಶ್ರಯಗೃಹದ ಮಾಡಿನ ಕೆಳಗೂ ಇರಲಿಲ್ಲ. ಸೇತುವೆಯ ಅಡಿಯಲ್ಲಿ, ಉದ್ಯಾನದ ಮೂಲೆಯಲ್ಲಿ, ಹರಕು ಡೇರೆಯಲ್ಲಿ ಮಲಗಿದವರು ಕೆಲವರು. ತಮ್ಮ ಸ್ವಂತ ಮೋಟಾರು ಗಾಡಿಯ ಆಸನದ ಮೇಲೆ ಮುದುಡಿ ಮಲಗಿದವರು ಇನ್ನು ಕೆಲವರು. ಈ ಎರಡನೆಯ ವರ್ಗದವರ ವಿಷಯವಾಗಿ ಈ ದಿನ ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇವೆ.

ನಮ್ಮ ವಾಚಕರಲ್ಲಿ ಹಲವರಿಗೆ ಈ ಸಂಗತಿಯೇ ವಿಪರೀತವಾಗಿ ತೋರೀತು. ಮೋಟಾರು ಉಳ್ಳವನು ದರಿದ್ರನೆಂತಾದಾನು? ನಮ್ಮಲ್ಲಿ ಮೊದಲು ಮನೆ, ಆಮೇಲೆ ಗಾಡಿ. ಆ ದೇಶದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಊರುಗಳು ಹತ್ತಿಪ್ಪತ್ತು ಮೈಲು ಹರಡಿಕೊಂಡಿರುವುದರಿಂದಲೂ ಬಹು ಕಡೆಗಳಲ್ಲಿ ಬಸ್ಸಿನ ಅನುಕೂಲ ತೀರ ಅಲ್ಪವಾದುದರಿಂದಲೂ ಗಾಡಿಯಿಲ್ಲದವನಿಗೆ ಕೆಲಸವಿಲ್ಲ. ಹತ್ತು ವರ್ಷ ಓಡಿದ ಹಳೆಯ ಕಾರೊಂದು ಅಲ್ಲಿ ಕೂಲಿಕಾರನ ಗುದ್ದಲಿಯಿದ್ದಂತೆ, ಚಮ್ಮಾರನ ಉಳಿಯಿದ್ದಂತೆ. ಬಾಡಿಗೆ ಕೊಡಲಾರದೆ ಮನೆ ಬಿಟ್ಟವನು ಸಾಮಾನುಗಳನ್ನು ಮಾರುತ್ತಾನೆ, ಒಡವೆಗಳನ್ನು ಮಾರುತ್ತಾನೆ; ಕಟ್ಟಕಡೆಗೆ ಉಳಿಯುವುದು ಆ ಗಾಡಿ. ಅದನ್ನು ಮಾರಿದರೆ ನಾಳೆಯ ಕೂಲಿಯೂ ಹೋಯಿತು. ಆದುದರಿಂದ ಅದರಲ್ಲಿಯೇ ಮಲಗುತ್ತಾನೆ.

ಲೆಕ್ಕವನ್ನು ಸ್ವಲ್ಪ ನೋಡೋಣ. 2024ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನದ ಕನಿಷ್ಠ ವೇತನವು ಗಂಟೆಗೆ 16 ಡಾಲರು. ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ ಇಪ್ಪತ್ತೆರಡು ದಿನ ದುಡಿದವನ ಕೈಗೆ, ತೆರಿಗೆ ಕಳೆಯುವುದಕ್ಕಿಂತ ಮೊದಲು, 2,816 ಡಾಲರು ಬರುತ್ತದೆ. ಸಮುದ್ರತೀರದ ಊರುಗಳಲ್ಲಿ ಒಂದೇ ಮಲಗುವ ಕೋಣೆಯುಳ್ಳ ಸಾಧಾರಣ ಮನೆಯ ಬಾಡಿಗೆ ಎರಡು ಸಾವಿರ ಡಾಲರನ್ನು ದಾಟಿದೆ. ಬಾಡಿಗೆಯ ಮೂರು ಪಾಲು ವರಮಾನವಿದ್ದವನಿಗೇ ಮನೆ ಕೊಡುವೆವೆಂದು ಮಾಲೀಕರು ಕೇಳುವುದು ಅಲ್ಲಿಯ ವಾಡಿಕೆ. ಮೊದಲ ತಿಂಗಳ ಬಾಡಿಗೆಯನ್ನೂ ಠೇವಣಿಯನ್ನೂ ಒಂದೇ ಗಂಟಿನಲ್ಲಿ ಎಣಿಸಿ ಕೊಡಬೇಕು. ನಿತ್ಯವೂ ಕೆಲಸಕ್ಕೆ ಹೋಗುವ, ಚಟಗಳಾವುವೂ ಇಲ್ಲದ, ಸಾಲಗಾರನೂ ಅಲ್ಲದ ಮನುಷ್ಯನಿಗೆ ಕೂಡ ಈ ಹೊಸ್ತಿಲನ್ನು ದಾಟುವುದು ಅಸಾಧ್ಯವಾಗಿದೆ. ಒಂದು ಕಾಯಿಲೆ, ಒಂದು ವಿವಾಹವಿಚ್ಛೇದ, ಒಂದು ತಿಂಗಳ ನಿರುದ್ಯೋಗ, ಇಷ್ಟರಲ್ಲಿ ಯಾವುದಾದರೊಂದು ಸಾಕು. ಲಾಸ್ ಏಂಜಲೀಸ್ ಜಿಲ್ಲೆಯೊಂದರಲ್ಲಿಯೇ 2019ರ ಗಣತಿಯಲ್ಲಿ ಗಾಡಿಗಳಲ್ಲಿ ವಾಸಿಸುವವರು ಸುಮಾರು 16,500 ಜನರೆಂದು ಕಂಡುಬಂದಿತು. ಅದು ನಮ್ಮ ಒಂದು ತಾಲೂಕು ಕೇಂದ್ರದ ಜನಸಂಖ್ಯೆ!

ಇಂಥವರ ರಾತ್ರಿ ಹೇಗೆ ಕಳೆಯುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಗಾಜುಗಳಿಗೆ ಟವೆಲನ್ನೋ ರಟ್ಟನ್ನೋ ಮರೆಕಟ್ಟಬೇಕು. ಕಾಲು ಚಾಚುವುದಕ್ಕೆ ಎಡೆಯಿಲ್ಲ. ಕುಳಿತೇ ನಿದ್ರಿಸುವವರ ಕಾಲುಗಳು ಬಾತುಕೊಳ್ಳುತ್ತವೆ. ಚಳಿಗೆ ಯಂತ್ರವನ್ನು ಚಾಲೂ ಇಟ್ಟರೆ ವಿಷವಾಯುವಿನ ಭಯ. ಇಡದಿದ್ದರೆ ಶೀತದ ಭಯ. ಮಧುಮೇಹಿಗಳಿಗೆ ಇನ್ಸುಲಿನ್ನನ್ನು ತಂಪಾಗಿಡುವ ಉಪಾಯವಿಲ್ಲ. ಪಾಯಖಾನೆಗಾಗಿ ಇಡೀ ರಾತ್ರಿ ತೆರೆದಿರುವ ಅಂಗಡಿಯನ್ನು ಹುಡುಕಬೇಕು. ಒಂಟಿ ಹೆಂಗಸು, ಮಕ್ಕಳುಳ್ಳ ತಾಯಿ, ವಯಸ್ಸಾದವರು ಇವರಿಗಂತೂ ಕಣ್ಣು ಮುಚ್ಚುವುದೇ ಸಾಹಸ. ಇವೆಲ್ಲಕ್ಕೂ ಮಿಗಿಲಾಗಿ, ನಡುರಾತ್ರಿಯಲ್ಲಿ ಗಾಜಿನ ಮೇಲೆ ಬೀಳುವ ಪೋಲೀಸನ ಬೆರಳಿನ ಸದ್ದು. ಏಳು, ಇಲ್ಲಿಂದ ತೆರಳು. ಎಲ್ಲಿಗೆ ತೆರಳಬೇಕೆಂಬುದನ್ನು ಹೇಳುವುದು ಅವನ ಕೆಲಸವಲ್ಲ.

ಆ ಸದ್ದಿನ ಹಿಂದೆ ಕಾಯದೆಯಿದೆ. ಲಾಸ್ ಏಂಜಲೀಸ್ ನಗರಸಭೆಯು 1983ರಲ್ಲಿಯೇ ಬೀದಿಯಲ್ಲಿ ನಿಂತ ಗಾಡಿಯನ್ನು ವಾಸಸ್ಥಾನವಾಗಿ ಉಪಯೋಗಿಸಕೂಡದೆಂದು ನಿಯಮ ಮಾಡಿತ್ತು. ವಾಸವೆಂದರೇನು ಎಂಬುದನ್ನು ಮಾತ್ರ ಅದರಲ್ಲಿ ಸ್ಪಷ್ಟಪಡಿಸಿರಲಿಲ್ಲ. ಗಾಡಿಯಲ್ಲಿ ಹೊದಿಕೆ ಇಟ್ಟುಕೊಂಡವನು, ಊಟದ ಬುತ್ತಿ ಬಿಚ್ಚಿದವನು, ಮಳೆಗೆ ಹೆದರಿ ಒಳಗೆ ಕುಳಿತವನು, ಇವರಾರನ್ನು ಬೇಕಾದರೂ ಹಿಡಿಯಬಹುದಾಗಿತ್ತು. ಹಿಡಿದದ್ದು ಮಾತ್ರ ಬಡವರನ್ನು. 2014ರಲ್ಲಿ ಒಂಬತ್ತನೆಯ ಮಂಡಲದ ಮೇಲ್ಮನವಿ ನ್ಯಾಯಾಲಯವು ಈ ನಿಯಮವು ಅತ್ಯಂತ ಅಸ್ಪಷ್ಟವಾದದ್ದೆಂದೂ ಪಕ್ಷಪಾತಕ್ಕೆ ಎಡೆಗೊಡುವುದೆಂದೂ ಹೇಳಿ ತಳ್ಳಿಹಾಕಿತು. ನ್ಯಾಯಮೂರ್ತಿ ಹ್ಯಾರಿ ಪ್ರೆಗರ್ಸನರು ಬರೆದ ತೀರ್ಪು ಅದು. ನಗರಸಭೆಯು ಅದರಿಂದ ಕಲಿತದ್ದೇನು? 2017ರಲ್ಲಿ ಹೊಸ ನಿಯಮವನ್ನು ಜಾರಿಗೆ ತಂದಿತು. ವಸತಿಯ ಬೀದಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರ ವರೆಗೆ ಗಾಡಿವಾಸ ನಿಷಿದ್ಧ. ಶಾಲೆ, ಉದ್ಯಾನ, ಶಿಶುವಿಹಾರಗಳ ಸಮೀಪದಲ್ಲಿ ಹಗಲಿರುಳೂ ನಿಷಿದ್ಧ. ಅಸ್ಪಷ್ಟತೆಯ ದೋಷ ಪರಿಹಾರವಾಯಿತು. ಮಲಗುವ ಸ್ಥಳ ಮಾತ್ರ ಹಾಗೆಯೇ ಇಲ್ಲವಾಗಿ ಉಳಿಯಿತು.

ದಂಡಕ್ಕಿಂತಲೂ ಘೋರವಾದದ್ದು ಗಾಡಿಯ ಜಪ್ತಿ. ಸಿಯಾಟಲ್ ನಗರದಲ್ಲಿ 2016ರ ಅಕ್ಟೋಬರಿನಲ್ಲಿ ನಡೆದ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ಹೇಳುವುದು ಅವಶ್ಯ. ಕೈಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಗೃಹಸ್ಥನು ತನ್ನ ಹಳೆಯ ಟ್ರಕ್ಕಿನಲ್ಲಿಯೇ ವಾಸವಾಗಿದ್ದನು. ಗಾಡಿ ಕೆಟ್ಟು, ನಗರಸಭೆಗೆ ಸೇರಿದ ಬಯಲಿನಲ್ಲಿ ನಿಂತಿತು. ಒಂದೇ ಸ್ಥಳದಲ್ಲಿ 72 ಗಂಟೆಗಳಿಗಿಂತ ಹೆಚ್ಚು ಕಾಲ ನಿಲ್ಲಿಸಕೂಡದೆಂಬ ನಿಯಮದಂತೆ ಅದನ್ನು ಎಳೆದೊಯ್ದರು. ಅವನ ಕೆಲಸದ ಉಪಕರಣಗಳೆಲ್ಲ ಅದರೊಳಗೇ ಇದ್ದವು. ಎಳೆದೊಯ್ದ ಕೂಲಿ ಮತ್ತು ಇರಿಸಿಕೊಂಡ ಬಾಡಿಗೆ ಸೇರಿ ಲೆಕ್ಕವು 946 ಡಾಲರಿಗೆ ಏರಿತು. ಅಧಿಕಾರಿಯು ದಯವಿಟ್ಟು ಅದನ್ನು 547 ಡಾಲರಿಗೆ ಇಳಿಸಿ, ತಿಂಗಳಿಗೆ 50ರಂತೆ ತೀರಿಸಲು ಹೇಳಿದನು. ಗಾಡಿ ಹೋದ ಮನುಷ್ಯನು ಆ ಚಳಿಗಾಲದಲ್ಲಿ ಬಯಲಿನಲ್ಲಿ ಮಲಗಿದನು. ವಾಷಿಂಗ್ಟನ್ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯಕ್ಕೆ ಈ ವ್ಯಾಜ್ಯವು ಮುಟ್ಟಿ, 2021ರ ಆಗಸ್ಟಿನಲ್ಲಿ ಇತ್ಯರ್ಥವಾಯಿತು. ವಾಸಕ್ಕೆ ಉಪಯೋಗಿಸುವ ಗಾಡಿಯು ಮನೆಯೇ, ಸಾಲಗಾರನ ಮನೆಗೆ ಕಾಯದೆಯಲ್ಲಿರುವ ರಕ್ಷಣೆ ಅದಕ್ಕೂ ಉಂಟು. ಅಂಥ ಬಡವನಿಗೆ ವಿಧಿಸಿದ ಆ ಮೊತ್ತವು ಸಂವಿಧಾನಕ್ಕೆ ವಿರುದ್ಧವಾದ ಅತಿದಂಡ ಎಂದು ನ್ಯಾಯಾಲಯವು ನಿರ್ಣಯಿಸಿತು. ಐದು ವರ್ಷಗಳ ಮೇಲೆ ಬಂದ ನ್ಯಾಯವಾದರೂ ಅದು ನ್ಯಾಯವೇ. 2023ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯವೂ, ಸುರಕ್ಷಿತವಾಗಿ ನಿಂತ ಗಾಡಿಯನ್ನು ಬರಿಯ ದಂಡದ ಬಾಕಿಗಾಗಿ ಸ್ಯಾನ್ ಫ್ರಾನ್ಸಿಸ್ಕೋ ನಗರವು ವಾರಂಟಿಲ್ಲದೆ ಎಳೆದೊಯ್ಯುತ್ತಿದ್ದುದು ಸಲ್ಲದೆಂದು ಹೇಳಿದೆ.

ಈ ಕಥೆ ಅಮೇರಿಕಕ್ಕೆ ಹೊಸದಲ್ಲ. 1930ರ ದಶಕದಲ್ಲಿ ನಡುನಾಡಿನ ಹೊಲಗಳು ಧೂಳಾಗಿ ಹಾರಿಹೋದಾಗ ಲಕ್ಷಾಂತರ ರೈತರು ಹಳೆಯ ಮೋಟಾರುಗಳ ಮೇಲೆ ಹಾಸಿಗೆ ಪಾತ್ರೆಗಳನ್ನು ಹೇರಿಕೊಂಡು ಕ್ಯಾಲಿಫೋರ್ನಿಯಾದ ಕಡೆಗೆ ನಡೆದರು. 1936ರಲ್ಲಿ ಲಾಸ್ ಏಂಜಲೀಸಿನ ಪೋಲೀಸ ಮುಖ್ಯಾಧಿಕಾರಿಯು ತನ್ನ ಅಧಿಕಾರದ ಎಲ್ಲೆಯನ್ನೂ ಮೀರಿ ಸಂಸ್ಥಾನದ ಗಡಿಗಳಿಗೆ ಪೋಲೀಸರನ್ನಟ್ಟಿ ಇವರನ್ನು ತಡೆಯಿಸಿದನು. ನಿರ್ಗತಿಕನನ್ನು ಒಳಗೆ ಕರೆತರುವುದೇ ಅಪರಾಧವೆಂಬ ಕಾಯದೆ ಬೇರೆ ಇತ್ತು. ಟೆಕ್ಸಾಸಿನಿಂದ ತನ್ನ ಹೆಂಡತಿಯ ಅಣ್ಣತಮ್ಮಂದಿರಲ್ಲೊಬ್ಬನನ್ನು ಮೋಟಾರಿನಲ್ಲಿ ಕೂಡಿಸಿಕೊಂಡು ಬಂದುದಕ್ಕಾಗಿ ಒಬ್ಬನಿಗೆ ಆರು ತಿಂಗಳ ಶಿಕ್ಷೆ ವಿಧಿಸಿ ಅಮಾನತಿನಲ್ಲಿಟ್ಟರು. 1941ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಈ ಕಾಯದೆಯನ್ನು ರದ್ದುಗೊಳಿಸಿತು. ಬಡತನವು ಗಡಿಯಲ್ಲಿ ತಡೆಯತಕ್ಕ ಸಾಂಕ್ರಾಮಿಕ ರೋಗವಲ್ಲವೆಂಬುದು ಆ ತೀರ್ಪಿನ ಒಂದು ತಿರುಳು.

ಅದೇ ಕಾಲದಲ್ಲಿ ಕೇಂದ್ರ ಸರಕಾರವು ಬೇರೊಂದು ದಾರಿಯನ್ನೂ ಹಿಡಿದಿತ್ತೆಂಬುದನ್ನು ಮರೆಯಲಾಗದು. ಕ್ಯಾಲಿಫೋರ್ನಿಯಾದ ಅರ್ವಿನ್ ಎಂಬಲ್ಲಿ ಮತ್ತು ಇತರ ಕಡೆಗಳಲ್ಲಿ ಈ ವಲಸೆಗಾರರಿಗಾಗಿ ಶಿಬಿರಗಳನ್ನು ತೆರೆದರು. ಡೇರೆಗೆ ಸ್ಥಳ, ಶುದ್ಧವಾದ ನೀರು, ಸ್ನಾನದ ಮನೆ, ಪಾಯಖಾನೆ, ಬಟ್ಟೆ ಒಗೆಯುವ ತೊಟ್ಟಿ. ಆಡಳಿತಕ್ಕೆ ಶಿಬಿರವಾಸಿಗಳು ತಾವೇ ಆರಿಸಿದ ಸಮಿತಿ. ಜಾನ್ ಸ್ಟೈನ್‌ಬೆಕ್ಕರ 1939ರ ಪ್ರಸಿದ್ಧ ಕಾದಂಬರಿಯನ್ನು ಓದಿದವರಿಗೆ ಈ ಶಿಬಿರದ ಪರಿಚಯವಿದ್ದೀತು. ಅದರ ವ್ಯವಸ್ಥಾಪಕನಾಗಿದ್ದ ಟಾಮ್ ಕಾಲಿನ್ಸರಿಗೇ ಆ ಗ್ರಂಥದ ಅರ್ಪಣೆಯ ಒಂದು ಪಾಲು ಸಂದಿದೆ. ಗಡಿಯಲ್ಲಿ ಲಾಠಿ, ಒಳಗೆ ನೀರಿನ ನಲ್ಲಿ: ಎರಡೂ ಒಂದೇ ದೇಶದ ಎರಡು ಕೈಗಳ ಕೆಲಸ.

ಇಂದಿನ ನಲ್ಲಿಯ ಕೈ ಯಾವುದೆಂದರೆ, ಆ ದೇಶದಲ್ಲಿ ಸುರಕ್ಷಿತ ಪಾರ್ಕಿಂಗ್ ಎಂದು ಕರೆಯಲ್ಪಡುವ ಏರ್ಪಾಡು. ಸಾಂಟಾ ಬಾರ್ಬರಾ ಎಂಬ ಸಮುದ್ರತೀರದ ಊರಿನಲ್ಲಿ 2004ರಲ್ಲಿ ನ್ಯೂ ಬಿಗಿನಿಂಗ್ಸ್ ಎಂಬ ಸಲಹಾಸಂಸ್ಥೆಯು ಇದನ್ನು ಆರಂಭಿಸಿತು. ಧನಿಕರ ಊರು, ಮನೆಯ ಬೆಲೆ ಕೇಳಿದರೆ ತಲೆ ತಿರುಗುವಂಥದು. ಆ ಊರಿನ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ, ರೋಗಿಗಳ ಸೇವೆಯಲ್ಲಿ ದುಡಿಯುವವರಿಗೆ ಅಲ್ಲಿ ಮಲಗಲು ಜಾಗವಿಲ್ಲ. ಸಂಸ್ಥೆಯವರು ಕಂಡುಕೊಂಡ ಉಪಾಯವು ಅತಿ ಸರಳವಾದದ್ದು. ಸರಕಾರಿ ಕಚೇರಿಗಳ ಮುಂದೆ, ಇಗರ್ಜಿಗಳ ಮುಂದೆ, ಧರ್ಮಸಂಸ್ಥೆಗಳ ಮುಂದೆ ಹಗಲೆಲ್ಲ ಗಾಡಿಗಳಿಂದ ತುಂಬಿ ರಾತ್ರಿ ಬರಿದಾಗಿ ಬಿದ್ದಿರುವ ಅಂಗಳಗಳೆಷ್ಟಿಲ್ಲ! ಅವುಗಳ ಒಡೆಯರ ಒಪ್ಪಿಗೆ ಪಡೆದು, ರಾತ್ರಿಯ ಹೊತ್ತಿಗೆ ಅಲ್ಲಿ ನಾಲ್ಕಾರು ಗಾಡಿಗಳಿಗೆ ಸ್ಥಳ ಮಾಡಿಕೊಟ್ಟರು. ಇಪ್ಪತ್ತು ವರ್ಷಗಳಲ್ಲಿ ಇದು ಬೆಳೆದು, ಸುತ್ತಲಿನ ಗೊಲೀಟಾ, ಕಾರ್ಪಿಂಟೀರಿಯಾ ಮೊದಲಾದ ಊರುಗಳನ್ನೂ ಒಳಗೊಂಡು, ಇಪ್ಪತ್ತಕ್ಕೂ ಹೆಚ್ಚು ಅಂಗಳಗಳಲ್ಲಿ ನೂರಕ್ಕೂ ಹೆಚ್ಚು ಗಾಡಿಗಳಿಗೆ ಎಡೆಯಾಗಿದೆ.

ನಡೆಯುವ ಕ್ರಮ ಹೀಗಿದೆ. ಬಯಸಿದವರು ಸಂಸ್ಥೆಯಲ್ಲಿ ಹೆಸರು ಬರೆಯಿಸಬೇಕು. ಗಾಡಿಯ ನೋಂದಣಿ, ವಿಮೆ, ಚಾಲಕನ ಪರವಾನಗಿ ಇವನ್ನು ತೋರಿಸಬೇಕು. ಒಂದು ನಿರ್ದಿಷ್ಟ ಅಂಗಳವನ್ನು ಗೊತ್ತುಮಾಡಿ ಪರವಾನಗಿಯ ಚೀಟಿ ಕೊಡುತ್ತಾರೆ. ಸಂಜೆ ಸುಮಾರು ಏಳು ಗಂಟೆಗೆ ಒಳಗೆ ಬಂದು ಬೆಳಿಗ್ಗೆ ಸುಮಾರು ಏಳಕ್ಕೆ ಹೊರಡಬೇಕು. ಮದ್ಯಪಾನವಿಲ್ಲ, ಗದ್ದಲವಿಲ್ಲ, ಹೊರಗೆ ಒಲೆ ಹೂಡುವುದಿಲ್ಲ. ರಾತ್ರಿ ಸಂಸ್ಥೆಯ ಮೇಲ್ವಿಚಾರಕರು ಅಂಗಳಗಳನ್ನು ಸುತ್ತಿ ಬರುತ್ತಾರೆ. ಅಂಗಳ ಎಲ್ಲಿದೆಯೆಂಬುದನ್ನು ಬಹಿರಂಗಪಡಿಸುವುದಿಲ್ಲ. ಗಂಡನ ಹಿಂಸೆಗೆ ಅಂಜಿ ಓಡಿಬಂದವಳೂ ಅಲ್ಲಿ ಮಲಗಿರಬಹುದಷ್ಟೆ. ಒಂದೇ ಕಡೆ ನೂರು ಗಾಡಿಗಳನ್ನು ಗುಂಪುಗೂಡಿಸದೆ ಇಲ್ಲಿ ಐದು, ಅಲ್ಲಿ ಹತ್ತು ಎಂದು ಹಂಚಿಡುವುದು ಈ ಕ್ರಮದ ಜೀವಾಳವೆಂದು ನಮಗೆ ತೋರುತ್ತದೆ. ನೆರೆಯವರಿಗೆ ಅವರು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಇದರ ಜೊತೆಗೆ, ಪ್ರತಿಯೊಬ್ಬರ ಕಷ್ಟವನ್ನೂ ಬೇರೆಬೇರೆಯಾಗಿ ವಿಚಾರಿಸಿ, ಬಾಡಿಗೆಯ ಸಹಾಯಧನಕ್ಕೆ ಅರ್ಜಿ ಹಾಕಿಸಿ, ಮನೆಯ ಮಾಲೀಕರೊಡನೆ ಮಾತಾಡಿ, ಕಟ್ಟಕಡೆಗೆ ಒಂದು ಮಾಡಿನ ಕೆಳಗೆ ಸೇರಿಸಲು ಪ್ರಯತ್ನಪಡುವ ನೌಕರರಿದ್ದಾರೆ. ಈ ಭಾಗವಿಲ್ಲದಿದ್ದರೆ ಅಂಗಳವು ಬರಿಯ ಅಂಗಳವಾಗಿಯೇ ಉಳಿದೀತು.

ಬೇರೆ ಊರುಗಳೂ ಈ ಹಾದಿಯನ್ನು ತುಳಿದಿವೆ. ಆರೆಗನ್ ಸಂಸ್ಥಾನದ ಯೂಜೀನ್ ನಗರವು ಸಾಂಟಾ ಬಾರ್ಬರಾಕ್ಕಿಂತಲೂ ಮೊದಲು, 1998ರಲ್ಲಿಯೇ, ಒಡೆಯರ ಒಪ್ಪಿಗೆಯಿದ್ದಲ್ಲಿ ಇಗರ್ಜಿ ಮತ್ತು ವ್ಯಾಪಾರಸ್ಥಳಗಳ ಅಂಗಳಗಳಲ್ಲಿ ಕೆಲವು ಗಾಡಿಗಳಿಗೆ ಇರುಳು ತಂಗಲು ಅವಕಾಶವಿತ್ತಿತು. ಸಿಯಾಟಲಿನ ನೆರೆಯ ಕಿರ್ಕ್‌ಲೆಂಡಿನಲ್ಲಿ ಲೇಕ್ ವಾಷಿಂಗ್ಟನ್ ಮೆಥಡಿಸ್ಟ್ ಸಭೆಯವರು 2011ರಿಂದ ಹೆಂಗಸರಿಗೂ ಮಕ್ಕಳುಳ್ಳ ಕುಟುಂಬಗಳಿಗೂ ತಮ್ಮ ಅಂಗಳವನ್ನು ಬಿಟ್ಟುಕೊಟ್ಟರು. ಸ್ಯಾನ್ ಡಿಯೇಗೋದಲ್ಲಿ 2010ರಿಂದ ಇಂಥ ಅಂಗಳಗಳಿವೆ. ವಿದ್ಯಾರ್ಥಿಗಳ ಸಂಗತಿ ಮಾತ್ರ ಮನಸ್ಸನ್ನು ಹೆಚ್ಚು ಕಲಕುವಂಥದು. ಲಾಂಗ್ ಬೀಚ್ ಸಿಟಿ ಕಾಲೇಜು 2021ರಲ್ಲಿ ಗಾಡಿಯಲ್ಲಿ ಮಲಗುವ ತನ್ನ ವಿದ್ಯಾರ್ಥಿಗಳಿಗಾಗಿಯೇ ಪಾರ್ಕಿಂಗ್ ಕಟ್ಟಡವೊಂದರಲ್ಲಿ ರಾತ್ರಿಯ ಸ್ಥಳವನ್ನು ತೆರೆಯಿತು. ಎರಡು ವರ್ಷ ಮೊದಲು, 2019ರಲ್ಲಿ, ಎಲ್ಲ ಸಮುದಾಯ ಕಾಲೇಜುಗಳೂ ಹೀಗೆ ಮಾಡತಕ್ಕದ್ದೆಂಬ ಮಸೂದೆಯೊಂದು ಕ್ಯಾಲಿಫೋರ್ನಿಯಾದ ಶಾಸನಸಭೆಯ ಮುಂದೆ ಬಂದಿತ್ತು, ಅದು ಕಾಯದೆಯಾಗಲಿಲ್ಲ. ಹಗಲು ಪಾಠ ಕೇಳಿ ಇರುಳು ಕಾರಿನಲ್ಲಿ ಮಲಗುವ ಹುಡುಗನಿಗೆ ಶಾಸನಸಭೆಯು ಹೇಳಿದ ಉತ್ತರ ಅದು.

ವಿರೋಧಿಗಳ ವಾದವನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅಂಗಳ ತೆರೆದರೆ ಬೇರೆ ಊರಿನವರೂ ಬಂದು ತುಂಬುವರು, ಹೊಲಸು ಹೆಚ್ಚುವುದು, ಕಳವು ಹೆಚ್ಚುವುದು, ನೆರೆಮನೆಗಳ ಬೆಲೆ ಇಳಿಯುವುದು ಎಂದು ನಗರಸಭೆಯ ಪ್ರತಿಯೊಂದು ಬೈಠಕಿನಲ್ಲಿಯೂ ಕೇಳಿಬರುತ್ತದೆ. ಇವುಗಳಲ್ಲಿ ಹೊಲಸಿನ ಮಾತು ನಿರಾಧಾರವಾದುದೇನೂ ಅಲ್ಲ. ಮೋರಿಯ ಸಂಪರ್ಕವಿಲ್ಲದ ಮನೆಗಾಡಿಗಳು ಬೀದಿಯಲ್ಲಿ ತಿಂಗಳುಗಟ್ಟಲೆ ನಿಂತರೆ ಮಲಿನಜಲವು ಎಲ್ಲಿಗಾದರೂ ಹರಿಯಲೇಬೇಕು. ಆದರೆ ಇದು ಅಂಗಳಕ್ಕೆ ವಿರುದ್ಧವಾದ ವಾದವೋ ಅಂಗಳದ ಪರವಾದ ವಾದವೋ ಎಂಬುದನ್ನು ಅವರೇ ವಿಚಾರಿಸಿ ನೋಡಲಿ. ಪಾಯಖಾನೆ, ಕಸದ ತೊಟ್ಟಿ, ಕಾವಲುಗಾರ ಮೂರೂ ಇರುವ ಅಂಗಳಕ್ಕಿಂತ ಇವಾವುವೂ ಇಲ್ಲದ ಬೀದಿಯೇ ನಿರ್ಮಲವಾಗಿರುವುದೆಂದು ಯಾರು ನಂಬಬೇಕು? ಬೇರೆ ಊರಿನವರು ಬರುವರೆಂಬ ಭಯವನ್ನು 1936ರ ಗಡಿಪೋಲೀಸರೂ ಹೇಳಿದ್ದರು.

ನಮಗೆ ಹೆಚ್ಚು ತೂಕವುಳ್ಳದ್ದಾಗಿ ಕಾಣುವ ಆಕ್ಷೇಪಗಳು ಬಡವರ ಕಡೆಯಿಂದಲೇ ಬಂದಿವೆ. ನೋಂದಣಿ, ವಿಮೆ, ಪರವಾನಗಿ ಎಲ್ಲವೂ ಸರಿಯಾಗಿ ಇರುವವನು ಬಡವರಲ್ಲಿ ಸ್ವಲ್ಪ ಅನುಕೂಲಸ್ಥ. ವಿಮೆಯ ಕಂತು ತಪ್ಪಿದವನು, ನೋಂದಣಿ ಹೊಸದು ಮಾಡಿಸಲು ಕಾಸಿಲ್ಲದವನು, ಯಂತ್ರ ಕೆಟ್ಟು ಗಾಡಿ ಅಲುಗದವನು, ಇವನಿಗೇ ಬೀದಿಯಲ್ಲಿ ಅಪಾಯ ಹೆಚ್ಚು. ಅಂಗಳದ ಬಾಗಿಲು ಮುಚ್ಚಿರುವುದೂ ಇವನಿಗೇ. ಮೊದಲು ಒಳಗೆ ಬಿಟ್ಟು, ಆಮೇಲೆ ಕಾಗದಗಳನ್ನು ಸರಿಪಡಿಸಿಕೊಳ್ಳಲು ಹಣಸಹಾಯ ಮಾಡುವುದು ಹೆಚ್ಚು ವಿವೇಕದ ಕ್ರಮ. ಅನೇಕ ಅಂಗಳಗಳಲ್ಲಿ ಆರ್.ವಿ. ಎಂದು ಕರೆಯುವ ದೊಡ್ಡ ಮನೆಗಾಡಿಗಳಿಗೆ ಪ್ರವೇಶವಿಲ್ಲ. ಇನ್ನು ಬೆಳಿಗ್ಗೆ ಏಳಕ್ಕೆ ಎಬ್ಬಿಸಿ ಕಳಿಸುವ ನಿಯಮ. ರಾತ್ರಿಪಾಳಿಯ ಕೆಲಸದಿಂದ ಮರಳಿದವನು ಎಲ್ಲಿ ಮಲಗಬೇಕು? ರೋಗಿಯು ಹಗಲನ್ನು ಎಲ್ಲಿ ಕಳೆಯಬೇಕು? ಪ್ರತಿದಿನ ಹೋಗಿ ಬರುವ ಪೆಟ್ರೋಲಿನ ಖರ್ಚೇ ಕೆಲವರಿಗೆ ಭಾರವಾಗಿದೆ. ಕರೋನಾ ಜಾಡ್ಯದ ಕಾಲದಲ್ಲಿ ಕೆಲವು ನಗರಗಳು ಅಂಗಳಗಳನ್ನು ಹಗಲಿರುಳೂ ತೆರೆದಿಟ್ಟವು. ಆಗ ಆಕಾಶವೇನೂ ಕಳಚಿ ಬೀಳಲಿಲ್ಲ.

ಸರಕಾರವು ದೊಡ್ಡದಾಗಿ ಯೋಚಿಸಿ ಕೆಡಿಸಿದ ಉದಾಹರಣೆಯೂ ಉಂಟು. ಸ್ಯಾನ್ ಫ್ರಾನ್ಸಿಸ್ಕೋ ನಗರವು 2022ರ ಜನವರಿಯಲ್ಲಿ ಕ್ಯಾಂಡಲ್‌ಸ್ಟಿಕ್ ತೀರದ ಹತ್ತಿರ ನೂರಕ್ಕೂ ಮಿಕ್ಕ ಗಾಡಿಗಳಿಗೆಂದು ಒಂದು ಅಂಗಳವನ್ನು ತೆರೆಯಿತು. ವಿದ್ಯುತ್ತಿನ ತಂತಿ ಬಂದು ಮುಟ್ಟುವುದಕ್ಕೆ ಮೊದಲೇ ಜನರನ್ನು ತಂದು ನಿಲ್ಲಿಸಿದರು. ತಂತಿ ಬರಲೇ ಇಲ್ಲ. ಡೀಸೆಲ್ ಯಂತ್ರಗಳ ಸದ್ದು ಹೊಗೆಗಳಲ್ಲಿಯೇ ಕಾಲ ಕಳೆಯಬೇಕಾಯಿತು. ಗೊತ್ತುಮಾಡಿದ ಸಂಖ್ಯೆಯ ಅರ್ಧದಷ್ಟು ಗಾಡಿಗಳೂ ಅಲ್ಲಿ ನಿಲ್ಲಲಾಗಲಿಲ್ಲ. ವೆಚ್ಚವು ಮಾತ್ರ ಏರುತ್ತಲೇ ಹೋಗಿ, 2025ರಲ್ಲಿ ಅದನ್ನು ಮುಚ್ಚಿಬಿಟ್ಟರು. ಇಗರ್ಜಿಯ ಅಂಗಳದಲ್ಲಿ ಒಂದು ಪಾಯಖಾನೆ, ಒಂದು ದೀಪ, ಒಬ್ಬ ಮೇಲ್ವಿಚಾರಕನಿಂದ ಆಗುವ ಕೆಲಸವನ್ನು ಮಹಾಯೋಜನೆಯಾಗಿ ಮಾಡಹೊರಟದ್ದರ ಫಲ. ಇದನ್ನೇ ತೋರಿಸಿ, ಸುರಕ್ಷಿತ ಅಂಗಳಗಳ ಕಲ್ಪನೆಯೇ ಸೋತಿತೆಂದು ಸಾರುವವರು ಸಾಂಟಾ ಬಾರ್ಬರಾದ ಇಪ್ಪತ್ತು ವರ್ಷಗಳನ್ನೂ ಒಮ್ಮೆ ಎಣಿಸಬೇಕು.

ಈಗ ಈ ಪ್ರಶ್ನೆಯು ಹಿಂದಿಗಿಂತ ತೀವ್ರವಾಗಿದೆ. 2018ರಲ್ಲಿ ಒಂಬತ್ತನೆಯ ಮಂಡಲದ ನ್ಯಾಯಾಲಯವು, ಮಲಗಲು ಬೇರೆ ಆಶ್ರಯವೇ ಇಲ್ಲದವನನ್ನು ಹೊರಗೆ ಮಲಗಿದ್ದಕ್ಕಾಗಿ ಶಿಕ್ಷಿಸುವುದು ಕ್ರೂರ ಶಿಕ್ಷೆಯೆಂದು ಬಾಯ್ಸಿ ನಗರದ ಮೊಕದ್ದಮೆಯಲ್ಲಿ ಹೇಳಿತ್ತು. 2024ರ ಜೂನ್ 28ರಂದು ಸರ್ವೋಚ್ಚ ನ್ಯಾಯಾಲಯವು ಗ್ರ್ಯಾಂಟ್ಸ್ ಪಾಸ್ ಎಂಬ ಆರೆಗನ್ನಿನ ಸಣ್ಣ ಊರಿನ ಮೊಕದ್ದಮೆಯಲ್ಲಿ ಆರು ಮತಗಳಿಗೆ ಮೂರು ಮತಗಳಂತೆ ಆ ತತ್ತ್ವವನ್ನು ತಳ್ಳಿಹಾಕಿತು. ಬಹುಮತದ ತೀರ್ಪನ್ನು ನ್ಯಾಯಮೂರ್ತಿ ಗೋರ್ಸಚ್ಚರು ಬರೆದರು. ನ್ಯಾಯಮೂರ್ತಿ ಸೋಟೊಮಯೋರರು ಭಿನ್ನಮತವಿತ್ತರು. ಆ ಊರಿನ ನಿಯಮದಲ್ಲಿ ಬಿಡಾರವೆಂದರೆ ಡೇರೆ ಮಾತ್ರವಲ್ಲ, ಹಾಸಿಗೆ ಹಾಸಿದ ಗಾಡಿಯೂ ಬಿಡಾರವೇ. ತೀರ್ಪು ಹೊರಬಿದ್ದ ತಿಂಗಳೊಳಗೆ ಕ್ಯಾಲಿಫೋರ್ನಿಯಾದ ಗವರ್ನರರು ಸಂಸ್ಥಾನದ ಭೂಮಿಯಲ್ಲಿರುವ ಬಿಡಾರಗಳನ್ನು ತೆರವು ಮಾಡಲು ಆಜ್ಞೆ ಹೊರಡಿಸಿ, ನಗರಗಳೂ ಹಾಗೆ ಮಾಡಲೆಂದು ಪ್ರೇರೇಪಿಸಿದರು. ನಗರಸಭೆಗಳ ಕೈಯಲ್ಲಿ ಈಗ ದಂಡವಿದೆ. ಅದನ್ನು ಬೀಸುವುದಕ್ಕೆ ನ್ಯಾಯಾಲಯದ ಅಡ್ಡಿಯಿಲ್ಲವೆಂದ ಮಾತ್ರಕ್ಕೆ ಬೀಸಲೇಬೇಕೆಂದೇನೂ ಇಲ್ಲ. ಗಾಡಿಯನ್ನು ಕಳೆದುಕೊಂಡ ಗಾಡಿವಾಸಿಯು ಮಾಯವಾಗುವುದಿಲ್ಲ. ಕಾಲುದಾರಿಯ ಮೇಲೆ ಡೇರೆ ಹಾಕುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ, ಆಸ್ಪತ್ರೆಗೂ ಸೆರೆಮನೆಗೂ ಅತಿಥಿಯಾಗುತ್ತಾನೆ. ಆ ವೆಚ್ಚವನ್ನು ತೆರುವುದು ಅದೇ ನಗರದ ಬೊಕ್ಕಸ.

ಸಾವಿರಾರು ಮೈಲುಗಳಾಚೆಯ ಈ ಸಂಗತಿಯಲ್ಲಿ ಕನ್ನಡಿಗರಿಗೇನು ಎಂದು ಕೇಳುವವರಿಗೆ ನಮ್ಮ ಉತ್ತರವಿದೆ. ಗಾಡಿವಾಸಿಗಳ ಪ್ರಶ್ನೆಯು ಬಹು ಬಿರುಸಾಗಿ ಚರ್ಚೆಯಾದ ಊರುಗಳಲ್ಲಿ ಒಂದು, ಗೂಗಲ್ ಕಂಪನಿಯ ಕೇಂದ್ರವಾದ ಮೌಂಟನ್ ವ್ಯೂ. ಅದೂ ಅದರ ಸುತ್ತಲಿನ ಸನ್ನಿವೇಲ್, ಕ್ಯುಪರ್ಟಿನೋಗಳೂ ನಮ್ಮ ನಾಡಿನ ಎಂಜಿನಿಯರರು ಸಂಸಾರ ಹೂಡಿರುವ ಸ್ಥಳಗಳು. ಮಕ್ಕಳನ್ನು ನೋಡಲು ಆರು ತಿಂಗಳು ಹೋಗಿ ಬಂದ ನಮ್ಮ ನಿವೃತ್ತ ಅಧಿಕಾರಿಗಳಲ್ಲಿ ಹಲವರು, ಬೆಳಗಿನ ತಿರುಗಾಟಕ್ಕೆ ಹೊರಟಾಗ, ರೆಂಗ್‌ಸ್ಟಾರ್ಫ್ ಉದ್ಯಾನದ ಪಕ್ಕದ ಕ್ರಿಸಾಂಟೋ ಬೀದಿಯಲ್ಲಿ ವರ್ಷಗಟ್ಟಲೆ ಸಾಲಾಗಿ ನಿಂತಿದ್ದ ಮನೆಗಾಡಿಗಳನ್ನು ಕಂಡೇ ಇರಬೇಕು. ದೊಡ್ಡ ಕಂಪನಿಗಳ ಸಂಬಳದಿಂದ ಬಾಡಿಗೆ ಏರಿತು. ಆ ಕಂಪನಿಗಳ ಸಿಬ್ಬಂದಿಗೆ ಅಡಿಗೆ ಮಾಡುವವರು, ಕಟ್ಟಡ ಕಟ್ಟುವವರು, ಮಕ್ಕಳನ್ನು ನೋಡಿಕೊಳ್ಳುವವರು ಬೀದಿಗೆ ಬಂದರು. ನಮ್ಮವರ ಸಂಬಳವೂ ಆ ಬಾಡಿಗೆಯ ಏರಿಕೆಯಲ್ಲಿ ಒಂದು ಪಾಲು. ಇದನ್ನು ಹೇಳುವುದರಲ್ಲಿ ಯಾರ ಮೇಲೂ ತಪ್ಪು ಹೊರಿಸುವ ಉದ್ದೇಶ ನಮಗಿಲ್ಲ. ಸಂಬಂಧ ಮಾತ್ರ ಇದೆ.

2020ರ ನವೆಂಬರಿನಲ್ಲಿ ಆ ಊರಿನ ಮತದಾರರು, 40 ಅಡಿ ಅಥವಾ ಅದಕ್ಕಿಂತ ಕಿರಿದಾದ ಬೀದಿಗಳಲ್ಲಿ ದೊಡ್ಡ ಗಾಡಿಗಳನ್ನು ನಿಲ್ಲಿಸಕೂಡದೆಂಬ ನಿಯಮವನ್ನು ಬಹುಮತದಿಂದ ಒಪ್ಪಿದರು. ಊರಿನ ಬಹುತೇಕ ಬೀದಿಗಳು ಈ ಅಳತೆಯೊಳಗೆ ಬಂದವು. ಗಾಡಿವಾಸಿಗಳ ಪರವಾಗಿ 2021ರಲ್ಲಿ ದಾವೆ ಹೂಡಲಾಗಿ, ಮರುವರ್ಷ ರಾಜಿಯಾಯಿತು. ಕನಿಷ್ಠ ಮೂರು ಮೈಲು ಬೀದಿಯನ್ನಾದರೂ ಇಂಥ ಗಾಡಿಗಳಿಗೆ ಉಳಿಸಿಡುವೆವೆಂದು ನಗರವು ಒಪ್ಪಿತು. ನಿಷೇಧಿಸಿದ ಅದೇ ನಗರಸಭೆಯು ಇನ್ನೊಂದೆಡೆ ಮೂವ್ ಮೌಂಟನ್ ವ್ಯೂ ಎಂಬ ಸಂಸ್ಥೆಯ ಮೂಲಕ ಸುರಕ್ಷಿತ ಅಂಗಳಗಳನ್ನು ನಡೆಸಿದೆಯೆಂಬುದನ್ನೂ ಹೇಳಬೇಕು. ಕ್ಯುಪರ್ಟಿನೋದ ಆಸುಪಾಸಿನಲ್ಲಿ ಕೆಲವು ಕ್ರೈಸ್ತ ಸಭೆಗಳು ಸರದಿಯ ಪ್ರಕಾರ ತಮ್ಮ ಅಂಗಳಗಳನ್ನು ಗಾಡಿವಾಸಿಗಳಿಗೆ ಕೊಟ್ಟಿವೆ. ಸರದಿಯ ಈ ಕ್ರಮ ನಮಗೆ ಬಹಳ ಮೆಚ್ಚುಗೆಯಾಯಿತು. ಒಂದೇ ನೆರೆಯವರ ಮೇಲೆ ಭಾರ ಬೀಳುವುದಿಲ್ಲ, ಒಂದೇ ಸಭೆಯವರು ದಣಿಯುವುದಿಲ್ಲ.

ಆ ಪ್ರಾಂತದಲ್ಲಿ ನಮ್ಮವರ ದೇವಸ್ಥಾನಗಳಿವೆ. ಸನ್ನಿವೇಲಿನಲ್ಲಿದೆ, ಲಿವರ್‌ಮೋರಿನಲ್ಲಿದೆ, ಇನ್ನೂ ಹಲವೆಡೆ ಇವೆ. ಹಬ್ಬದ ದಿನ ಗಾಡಿ ನಿಲ್ಲಿಸಲು ಜಾಗವಿಲ್ಲದ ಅವುಗಳ ಅಂಗಳಗಳು ಉಳಿದ ರಾತ್ರಿಗಳಲ್ಲಿ ಬರಿದಾಗಿರುತ್ತವೆ. ದೇವಸ್ಥಾನದ ಪಕ್ಕದಲ್ಲಿ ಛತ್ರವಿರುವುದು, ಬಂದ ಪರಸ್ಥಳದವನಿಗೆ ಅಲ್ಲಿ ರಾತ್ರಿ ಕಳೆಯಲು ಎಡೆಯಿರುವುದು ನಮ್ಮ ಊರುಗಳಲ್ಲಿ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ದೇವಸ್ಥಾನಗಳ ಆಡಳಿತ ಮಂಡಲಿಗಳೂ ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟದಂಥ ಸಂಘಗಳೂ ಈ ಸರದಿಯಲ್ಲಿ ಒಂದು ತಿಂಗಳನ್ನು ತಮ್ಮದಾಗಿಸಿಕೊಳ್ಳುವ ವಿಚಾರವನ್ನು ಮಾಡಬಹುದು. ನಗರಸಭೆಯ ಅನುಮತಿ ಬೇಕು, ವಿಮೆಯ ಏರ್ಪಾಡು ಬೇಕು, ಎರಡು ಪಾಯಖಾನೆಗಳನ್ನು ಬಾಡಿಗೆಗೆ ತರಿಸಬೇಕು, ರಾತ್ರಿ ಹತ್ತಕ್ಕೊಮ್ಮೆ ಬೆಳಿಗ್ಗೆ ಆರಕ್ಕೊಮ್ಮೆ ಬಂದು ನೋಡಿ ಹೋಗುವ ಸ್ವಯಂಸೇವಕರು ಬೇಕು. ಅರ್ಜಿ ಬರೆಯಬಲ್ಲ ವಕೀಲರೂ ಲೆಕ್ಕವಿಡಬಲ್ಲ ಗೃಹಸ್ಥರೂ ಅಲ್ಲಿ ನಮ್ಮವರಲ್ಲಿಯೇ ಧಾರಾಳವಾಗಿದ್ದಾರೆ. ಬಂದವರಿಂದ ಯಾವ ಕಾಗದ ಕೇಳಬೇಕು, ಯಾವುದನ್ನು ಕೇಳಬಾರದು, ನೆರೆಮನೆಯವರಿಗೆ ಮೊದಲೇ ಏನು ತಿಳಿಸಬೇಕು ಎಂಬ ವಿವರಗಳು ಈ ಕೆಲಸವನ್ನು ಆಗಲೇ ನಡೆಸಿದ ಸಭೆಗಳ ಬಳಿಯಲ್ಲಿವೆ. ಕೇಳಿ ತರಿಸಿಕೊಳ್ಳಲು ಒಂದು ಪತ್ರ ಸಾಕು.